ಗಣಿ ಮುಚ್ಚಿದರೂ ಮುಗಿಯದ ಹೊಣೆ

ಅದಿರನ್ನು ಅರೆದು ಲೋಹವನ್ನು ಬೇರ್ಪಡಿಸಿದ ಮೇಲೆ ಉಳಿಯುವುದು ನುಣ್ಣನೆಯ ಹುಡಿಯೂ ನೀರೂ ಬೆರೆತ ಕೆಸರು. ಅದನ್ನು ಒಡ್ಡು ಕಟ್ಟಿ ತುಂಬಿಡುತ್ತಾರೆ. ಲೋಹ ಮಾರಾಟವಾಗಿ ದೇಶಾಂತರಕ್ಕೆ ಹೋಗುತ್ತದೆ. ಕೆಸರು ಊರಿನವರ ನೆತ್ತಿಯ ಮೇಲೆ ನಿಲ್ಲುತ್ತದೆ. ಲಾಭ ಉಂಡವರು ಹೊರಟುಹೋದ ಮೇಲೆ ಉಳಿದುದರ ಹೊಣೆ ಯಾರದು? ಇದು ಎಂಜಿನಿಯರರ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಹೌದು.

1965ರ ಮಾರ್ಚ್ 28ರಂದು ಚಿಲಿ ದೇಶದಲ್ಲಿ ಭೂಮಿ ನಡುಗಿದಾಗ ಎಲ್ ಕೋಬ್ರೆ ಎಂಬಲ್ಲಿ ತಾಮ್ರದ ಗಣಿಯ ಒಡ್ಡುಗಳು ಕುಸಿದು, ಇನ್ನೂರಕ್ಕೂ ಹೆಚ್ಚು ಜನ ಕೆಸರಿಗೆ ಬಲಿಯಾದರು. ಕಾರಣ ನಿಗೂಢವಾದುದಲ್ಲ. ನೀರು ತುಂಬಿದ ಸಡಿಲ ಹುಡಿ ಅಲುಗಿದಾಗ ಕಣಗಳ ನಡುವಣ ನೀರಿನ ಒತ್ತಡ ಏರುತ್ತದೆ. ಕಣಕ್ಕೆ ಕಣದ ಆಸರೆ ತಪ್ಪುತ್ತದೆ. ಗಟ್ಟಿ ನೆಲದಂತಿದ್ದುದು ಗಂಜಿಯಂತೆ ಹರಿಯುತ್ತದೆ. ಹಳೆಯ ಕೆಸರನ್ನೇ ತಳಪಾಯವಾಗಿಸಿ ಒಡ್ಡನ್ನು ಎತ್ತರಿಸುತ್ತ ಹೋಗುವ ಅಗ್ಗದ ಪದ್ಧತಿಯಲ್ಲಿ ಈ ಅಪಾಯ ಹೆಚ್ಚು. ಚಿಲಿ ಮುಂದೆ ಆ ಪದ್ಧತಿಯನ್ನೇ ನಿಷೇಧಿಸಿತು.

ಅಲುಗಾಟ ನಿಂತರೆ ಅಪಾಯವೂ ನಿಂತಿತೆನ್ನಲಾಗದು. 1978ರಲ್ಲಿ ಜಪಾನಿನ ಮೋಚಿಕೋಶಿಯಲ್ಲಿ ಒಂದು ಒಡ್ಡು ಭೂಕಂಪದಲ್ಲೇ ಒಡೆಯಿತು, ಇನ್ನೊಂದು ಮರುದಿನ ಒಡೆಯಿತು. ಗಣಿ ನಿಂತರೂ ಅಪಾಯ ನಿಲ್ಲದು. 2010ರ ಫೆಬ್ರವರಿ 27ರ ಭೂಕಂಪದಲ್ಲಿ, ಚಿಲಿಯ ಲಾಸ್ ಪಾಲ್ಮಾಸ್‌ನಲ್ಲಿ ಕೆಲಸ ನಿಂತು ವರ್ಷಗಳೇ ಕಳೆದಿದ್ದ ಚಿನ್ನದ ಗಣಿಯ ಕೆಸರು ಹರಿದು ಒಂದೇ ಕುಟುಂಬದ ನಾಲ್ವರು ಮಡಿದರು.

'ಭೂಕಂಪ ದೈವೇಚ್ಛೆ, ಮನುಷ್ಯನದೇನು ತಪ್ಪು?' ಎನ್ನುವವರಿದ್ದಾರೆ. ಕಂಪನ ಪ್ರಕೃತಿಯದು, ನಿಜ. ಮನೆಗಳ ಮೇಲ್ಗಡೆ ಕೆಸರನ್ನು ಪೇರಿಸಿದ್ದು ಮನುಷ್ಯನ ಕೈ. 'ನಮ್ಮ ಸೀಮೆಯಲ್ಲಿ ಭೂಮಿ ನಡುಗದು' ಎಂಬ ಸಮಾಧಾನವೂ ಸಲ್ಲದು. ಸೊಲ್ಲಾಪುರ, ಅಕ್ಕಲಕೋಟೆಗಳ ನಮಗೆ ಅದನ್ನು ಬೇರೆಯವರು ಹೇಳಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಅದನ್ನು ಕಲಿಸಿದೆ.

2020ರಲ್ಲಿ ಪ್ರಕಟವಾದ ಜಾಗತಿಕ ಮಾನದಂಡವು, ಒಡೆದರೆ ಅತ್ಯಂತ ಘೋರ ಹಾನಿ ಮಾಡಬಲ್ಲ ಒಡ್ಡುಗಳು 10,000 ವರ್ಷಗಳಿಗೊಮ್ಮೆ ಸಂಭವಿಸಬಹುದಾದಂಥ ಭೂಕಂಪವನ್ನೂ ತಾಳಬೇಕೆನ್ನುತ್ತದೆ. ಯಾವ ಕಂಪನಿ, ಯಾವ ಸರಕಾರ ಅಷ್ಟು ಕಾಲ ಬದುಕೀತು? ಆದುದರಿಂದ ಕಾವಲಿನ ಖರ್ಚನ್ನು ಗಣಿ ನಡೆಯುತ್ತಿರುವಾಗಲೇ ತೆಗೆದಿರಿಸುವುದು ನ್ಯಾಯ. ಅದರಿಂದ ತಾಮ್ರ ತುಟ್ಟಿಯಾದೀತು ಎಂಬ ಆಕ್ಷೇಪವುಂಟು. ಆಗಲಿ. ಆ ತಾಮ್ರದ ತಂತಿಯಿಂದ ದೀಪ ಬೆಳಗಿಸಿಕೊಳ್ಳುವವರು ನಾವು. ನಾವು ಕೊಡದೆ ಉಳಿಸಿಕೊಂಡ ಬೆಲೆಯನ್ನು ಒಡ್ಡಿನ ಕೆಳಗೆ ಮಲಗಿರುವವರು ತಮ್ಮ ಪ್ರಾಣದಿಂದ ತೆರಬೇಕಾಗುತ್ತದೆ.