ಮನೆಗೆಲಸದ ಹೊಸ ಉಪಕರಣಗಳೂ ನಮ್ಮ ಕರ್ತವ್ಯವೂ

ಮನುಷ್ಯನು ತನ್ನ ಕೈಕಾಲುಗಳ ಶ್ರಮವನ್ನು ಕಡಿಮೆಮಾಡಿಕೊಳ್ಳುವದಕ್ಕೆ ಪೂರ್ವದಿಂದಲೂ ಉಪಾಯಗಳನ್ನು ಹುಡುಕುತ್ತಾ ಬಂದಿದ್ದಾನೆ. ಬಾವಿಗೆ ರಾಟೆಯನ್ನು ಕಟ್ಟಿದವನೂ ಒನಕೆಯ ಬದಲಿಗೆ ಅಕ್ಕಿಗಿರಣಿಯನ್ನು ಇಟ್ಟವನೂ ಮಾಡಿದ್ದು ಇದನ್ನೇ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದಾಗ ಜನರು ಬೆರಗಾದರು. ಈಗ ಅದೇ ವಿದ್ಯುತ್ತು ಅಂತರಜಾಲದೊಡನೆ ಸೇರಿ ಮನೆಯ ಒಳಗಿನ ಕೆಲಸಕ್ಕೆ ನಿಂತಿದೆ. ದೀಪ, ಪಂಪು, ಬೀಗ, ಕ್ಯಾಮರಾ ಮೊದಲಾದವುಗಳನ್ನು ಯಜಮಾನನು ನೂರು ಮೈಲು ದೂರದಿಂದ ತನ್ನ ಫೋನಿನ ಮೂಲಕ ನಡಿಸಬಹುದು. ಇವು ಮನೆವಾಳ್ತೆಯ ಕೆಲಸವನ್ನು ಹಗುರಮಾಡುತ್ತವೆ ಎಂಬದರಲ್ಲಿ ಸಂಶಯವಿಲ್ಲ. ಕೆಲಸವು ಹಗುರವಾದಾಗ ಕರ್ತವ್ಯವೂ ಹಗುರವಾಗುತ್ತದೋ ಎಂಬದನ್ನು ಮಾತ್ರ ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮೊದಲು ಇವುಗಳಿಂದಾಗುವ ಉಪಕಾರವನ್ನು ನ್ಯಾಯವಾಗಿ ಒಪ್ಪಿಕೊಳ್ಳೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ, ನಾರ್ವೆಯಂಥಾ ಊರುಗಳಲ್ಲಿ, ಮನೆಯು ದಿಣ್ಣೆಯ ಮೇಲೆಯೂ ಅಡಿಕೆತೋಟವು ತಗ್ಗಿನಲ್ಲಿಯೂ ಇರುವದು ಸಾಮಾನ್ಯ. ಪಂಪಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು ದಿನದಲ್ಲಿ ಕೆಲವು ತಾಸು ಮಾತ್ರ ಸಿಕ್ಕುತ್ತದೆ. ಅದು ನಡುರಾತ್ರಿಯಲ್ಲಿ ಬಂದರೆ ರೈತನು ಟಾರ್ಚು ಹಿಡಿದು, ಹಾವಿಗೂ ಕಾಡುಕೋಣಕ್ಕೂ ಅಂಜುತ್ತಾ, ತೋಟಕ್ಕೆ ಇಳಿಯಬೇಕಾಗುತ್ತದೆ. ಈಗ ಅನೇಕರು ಮೊಬೈಲ್ ಸ್ಟಾರ್ಟರ್ ಎಂಬ ಪೆಟ್ಟಿಗೆಯನ್ನು ಹಾಕಿಸಿದ್ದಾರೆ. ಅದರೊಳಗೆ ಒಂದು ಸಿಮ್ ಇರುತ್ತದೆ. ಫೋನಿನಿಂದ ಕರೆಮಾಡಿದರೆ ಅದು ಪಂಪನ್ನು ನಡಿಸುತ್ತದೆ. ಬಾವಿ ಬತ್ತಿದರೆ, ಇಲ್ಲವೆ ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ, ಪಂಪನ್ನು ನಿಲ್ಲಿಸಿ ಮೋಟಾರು ಸುಡದಂತೆ ಕಾಯುತ್ತದೆ. ಇಂಥಾ ಸೌಕರ್ಯವನ್ನು ಸೋಮಾರಿತನವೆಂದು ಹಳಿಯುವವರು ಉಂಟು. ಅವರ ಮಾತು ಸರಿಯಲ್ಲ. ಯಾಕಂದರೆ ಕಷ್ಟವು ಕಷ್ಟವಾಗಿರುವದರಿಂದಲೇ ಸದ್ಗುಣವಾಗುವದಿಲ್ಲ. ಹಾವು ಕಚ್ಚಿ ಸಾಯುವದರಲ್ಲಿ ಯಾವ ಹಿರಿಮೆಯೂ ಇಲ್ಲ.

ಆದರೂ ಇಲ್ಲಿ ಒಂದು ಭೇದವನ್ನು ತಿಳಿಯತಕ್ಕದ್ದು. ನಾವು ಮಾಡುವ ಪ್ರತಿಯೊಂದು ಕೆಲಸದಲ್ಲಿ ಮೈಯ ಶ್ರಮವೊಂದು, ಮನಸ್ಸಿನ ಲಕ್ಷ್ಯವೊಂದು, ಹೀಗೆ ಎರಡು ಭಾಗಗಳಿರುತ್ತವೆ. ಶ್ರಮವನ್ನು ಯಂತ್ರವು ಹೊತ್ತುಕೊಳ್ಳಬಲ್ಲದು. ಲಕ್ಷ್ಯವನ್ನು ಸಹ ಅದಕ್ಕೆ ಒಪ್ಪಿಸಿಬಿಟ್ಟರೆ ನಷ್ಟವುಂಟಾಗುತ್ತದೆ. ಪಂಪು ನಡೆಯುತ್ತದೆ ಎಂಬ ವರ್ತಮಾನವನ್ನು ಪೆಟ್ಟಿಗೆಯು ಕಳುಹಿಸುತ್ತದೆ; ಈ ಸೀಮೆಯನ್ನು ಬಹುಕಾಲದಿಂದ ಪೀಡಿಸುತ್ತಿರುವ ಹಳದಿ ಎಲೆ ರೋಗವು ನಮ್ಮ ತೋಟದ ಮೂಲೆಯ ಮರಕ್ಕೆ ತಗಲಿದೆ ಎಂಬದನ್ನು ಅದು ತಿಳಿಸುವದಿಲ್ಲ. ರಾತ್ರಿ ಹೋಗಬೇಕಾದ ಅಗತ್ಯ ತಪ್ಪಿದವನು ಹಗಲಿನಲ್ಲಿಯೂ ತೋಟಕ್ಕೆ ಹೋಗದಿದ್ದರೆ, ಆ ತಪ್ಪು ಯಂತ್ರದ್ದಲ್ಲ.

ತೋಟದ ವಿಷಯದಲ್ಲಿ ನಿಜವಾದದ್ದು ಮನುಷ್ಯರ ವಿಷಯದಲ್ಲಿ ಇನ್ನೂ ಹೆಚ್ಚು ನಿಜ. ಮಲೆನಾಡಿನ ಮಕ್ಕಳು ಅನೇಕರು ಬೆಂಗಳೂರಿಗೆ ಹೋಗಿ ನೆಲಸಿದ್ದಾರೆ. ಹಿರಿಯರು ಹಳೇಮನೆಯಲ್ಲಿ ಉಳಿದಿದ್ದಾರೆ. ಮಗನು ಜಗಲಿಗೆ ಕ್ಯಾಮರಾ ಹಾಕಿಸಿ, ತಾಯಿ ಎದ್ದು ಓಡಾಡುತ್ತಾಳೆಂಬದನ್ನು ಅಲ್ಲಿಂದಲೇ ನೋಡುತ್ತಾನೆ. ಆಕೆಯು ಜಾರಿಬಿದ್ದರೆ ನೆರೆಯವರಿಗೆ ಫೋನು ಮಾಡಿ ಪ್ರಾಣವನ್ನೂ ಉಳಿಸಬಹುದು. ಇದು ಸಣ್ಣ ಉಪಕಾರವಲ್ಲ. ಆದರೆ ತಾಯಿಯು ಕೂತಿರುವದನ್ನು ಕ್ಯಾಮರಾ ತೋರಿಸಬಲ್ಲದೇ ಹೊರತು, ಊಟವನ್ನು ಅರ್ಧಕ್ಕೆ ಯಾಕೆ ಬಿಟ್ಟಳೆಂಬದನ್ನು ಹೇಳಲಾರದು. ನೋಡಿದ್ದಾಯಿತೆಂದು ಭೇಟಿಯನ್ನು ಮುಂದಕ್ಕೆ ಹಾಕುವವನು ತಾಯಿಯನ್ನು ಕಾಯಲಿಲ್ಲ, ತನ್ನ ಕಳವಳವನ್ನು ಮಾತ್ರ ಶಮನಮಾಡಿಕೊಂಡನು. ಉಪಕರಣವು ನಮ್ಮನ್ನು ಮನೆಗೆ ಕರೆಯುವ ಗಂಟೆಯಾದರೆ ಒಳ್ಳೇದು. ಹೋಗದಿರುವದಕ್ಕೆ ನೆವವಾದರೆ ಕೆಟ್ಟದ್ದು. ಮತ್ತು ಅದನ್ನು ಹಾಕಿಸುವ ಮೊದಲು, ನಿನಗೆ ಇದು ಇಷ್ಟವೋ ಎಂದು ಆಕೆಯನ್ನು ಕೇಳತಕ್ಕದ್ದು.

ಇದೇ ಪ್ರಶ್ನೆಯು ಕೂಲಿಯಾಳುಗಳ ವಿಷಯದಲ್ಲಿಯೂ ಹುಟ್ಟುತ್ತದೆ. ಒಡೆಯನಿಗೆ ನಿಶ್ಚಿಂತೆಯನ್ನು ಕೊಡುವ ಕ್ಯಾಮರಾ, ಪಾತ್ರೆ ತೊಳೆಯುವ ಹೆಂಗಸಿಗೂ ಅಂಗಳದಲ್ಲಿ ಅಡಿಕೆ ಸುಲಿಯುವವಳಿಗೂ ಕಳ್ಳರೆಂಬ ಸಂಶಯದ ಭಾರವನ್ನು ಹೊರಿಸಬಹುದು. 2023ರಲ್ಲಿ ನಮ್ಮ ದೇಶದಲ್ಲಿ ವೈಯಕ್ತಿಕ ಮಾಹಿತಿಯ ಸಂರಕ್ಷಣೆಗೆ ಒಂದು ಕಾಯ್ದೆಯಾಯಿತು. ಒಬ್ಬನು ತನ್ನ ಸ್ವಂತ ಇಲ್ಲವೆ ಮನೆಯ ಉದ್ದೇಶಕ್ಕಾಗಿ ಉಪಯೋಗಿಸುವ ಮಾಹಿತಿಗೆ ಅದು ಅನ್ವಯಿಸುವದಿಲ್ಲ. ಹೀಗಿರಲಾಗಿ ಅಂಗಳದ ಕ್ಯಾಮರಾದ ನ್ಯಾಯವು ಬಹುಮಟ್ಟಿಗೆ ನಮ್ಮ ನಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಕಾಯ್ದೆಯು ಮೌನವಾಗಿರುವ ಸ್ಥಳದಲ್ಲಿ ನೀತಿಯೂ ಮೌನವಾಗಿರಬೇಕೆಂದಿಲ್ಲ. ಇಂಥಲ್ಲಿ ಕ್ಯಾಮರಾ ಇದೆ, ಇಷ್ಟು ಕಾಣುತ್ತದೆ ಎಂದು ಅವರಿಗೆ ಮುಂಚಿತವಾಗಿ ತಿಳಿಸುವದೂ, ಅವರು ಕೂತು ವಿಶ್ರಮಿಸುವ ಕಡೆಗೆ ಅದನ್ನು ತಿರುಗಿಸದಿರುವದೂ ಒಡೆಯನ ಸಾಲ.

ದೂರದವರಿಗೆ ಸಹ ನಾವು ಹೊಣೆಗಾರರು. 2016ರ ಅಕ್ಟೋಬರದಲ್ಲಿ ಅಮೇರಿಕದಲ್ಲಿ ಅನೇಕ ದೊಡ್ಡ ಅಂತರಜಾಲ ತಾಣಗಳು ಕೆಲವು ತಾಸುಗಳ ತನಕ ಸಿಕ್ಕದೆ ಹೋದವು. ಕಾರಣವೇನೆಂದರೆ, ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಇದ್ದ ಕ್ಯಾಮರಾ ಮುಂತಾದ ಉಪಕರಣಗಳೊಳಗೆ ಮಿರಾಯ್ ಎಂಬ ದುಷ್ಟ ತಂತ್ರಾಂಶವು ನುಗ್ಗಿ ಅವುಗಳನ್ನು ಆಯುಧ ಮಾಡಿಕೊಂಡಿತ್ತು. ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಬದಲಾಯಿಸದೆ ಬಿಟ್ಟಿದ್ದೇ ಅದಕ್ಕೆ ಬಾಗಿಲಾಯಿತು. ತನ್ನ ಬೇಲಿಯನ್ನು ಕಟ್ಟದವನ ದನವು ನೆರೆಯವನ ಗದ್ದೆಯನ್ನು ಮೇಯುವಂತೆ ಇದಾಯಿತು.

ಇದಲ್ಲದೆ ನಮ್ಮ ಕೈಯಲ್ಲಿರುವದೆಲ್ಲಾ ನಮ್ಮ ಅಧೀನದಲ್ಲಿಲ್ಲವೆಂಬದನ್ನೂ ನೆನಪಿಡಬೇಕು. ಮನೆಯ ಉಪಕರಣಗಳನ್ನು ನಡಿಸುವ ರಿವಾಲ್ವ್ ಎಂಬ ಸಾಧನವನ್ನು ಜನರು ಹಣಕೊಟ್ಟು ಕೊಂಡಿದ್ದರು. 2016ರ ಮೇ ತಿಂಗಳಲ್ಲಿ ಕಂಪನಿಯು ತನ್ನ ಸೇವೆಯನ್ನು ನಿಲ್ಲಿಸಲು ಅದು ಬರೀ ಡಬ್ಬಿಯಾಯಿತು. ನಮ್ಮ ಕಡೆಯಲ್ಲಂತೂ ಆಷಾಢದ ಗಾಳಿಗೆ ಮರವು ತಂತಿಯ ಮೇಲೆ ಬಿದ್ದರೆ ವಿದ್ಯುತ್ತು ಹೋಗುತ್ತದೆ. ಅದರ ಹಿಂದೆ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಆ ದಿನಕ್ಕಾಗಿ ಬೀಗಕ್ಕೆ ಕೀಲಿಕೈಯೂ, ಬಾವಿಗೆ ಹಗ್ಗವೂ, ಕಷ್ಟಕ್ಕೆ ಕರೆದರೆ ಓಡಿಬರುವ ನೆರೆಯವನೂ ಇರಬೇಕು. ನೆರೆಯವನ ಸ್ನೇಹವನ್ನು ಅಂಗಡಿಯಿಂದ ತರಲಾಗದು. ಉಳಿದ ದಿನಗಳಲ್ಲಿ ಅವನ ಮನೆಗೆ ಹೋಗಿಬಂದು ಅದನ್ನು ಸಂಪಾದಿಸತಕ್ಕದ್ದು.

ಆದದರಿಂದ ಇಂಥಾ ಉಪಕರಣವನ್ನು ಕೊಳ್ಳುವವರು ಅದರ ಬೆಲೆಯನ್ನು ವಿಚಾರಿಸುವದರೊಂದಿಗೆ, ಇದು ಯಾರ ಭಾರವನ್ನು ಇಳಿಸುತ್ತದೆ, ಆ ಭಾರವು ಮತ್ತೊಬ್ಬರ ಹೆಗಲಿಗೆ ಹೋಗುತ್ತದೋ, ಉಳಿದ ತಾಸನ್ನು ನಾವು ಯಾರಿಗೆ ಕೊಡುವೆವು ಎಂದೂ ವಿಚಾರಿಸಲಿ. ಮನೆಯ ಹೆಂಗಸಿಗೆ ಉಳಿದ ಸಮಯವು ಆಕೆಯ ವಿಶ್ರಾಂತಿಗೆ ಆಗದೆ ಮತ್ತೊಂದು ದುಡಿಮೆಯಾದರೆ, ಆ ಮನೆಯಲ್ಲಿ ಏನೂ ಹಗುರವಾಗಲಿಲ್ಲ. ಪಂಪನ್ನು ಫೋನಿನಿಂದ ನಡಿಸಿ ಉಳಿಸಿಕೊಂಡ ನಿದ್ದೆಯಿಂದ ಎದ್ದವನು, ಬೆಳಗ್ಗೆ ತೋಟವನ್ನು ಕಣ್ಣಾರೆ ನೋಡಿ, ಒಂಟಿಯಾಗಿರುವ ಮುದುಕಿಯ ಜಗಲಿಯಲ್ಲಿ ಒಂದು ಗಳಿಗೆ ಕೂತು ಬಂದರೆ, ಆ ಪೆಟ್ಟಿಗೆಗೆ ಕೊಟ್ಟ ಹಣವು ವ್ಯರ್ಥವಾಗಲಿಲ್ಲವೆಂದು ನಾವು ಧೈರ್ಯವಾಗಿ ಹೇಳಬಹುದು.