ಪ್ರಯೋಗಾಲಯದ ಇಲಿ ಮತ್ತು ಶ್ರಾವಕನ ಅಣುವ್ರತ

ಔಷಧಶಾಸ್ತ್ರವನ್ನೋ ಜೀವವಿಜ್ಞಾನವನ್ನೋ ಅಭ್ಯಸಿಸುವ ಮಕ್ಕಳು ಇಂದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರಾಂತ್ಯದ ಶ್ರಾವಕರ ಮನೆಗಳಲ್ಲಿಯೂ ಇದ್ದಾರೆ. ನೀರು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಯಿಂದ ಹೊರಟ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಿಳಿ ಇಲಿಯೊಂದನ್ನು ಕೈಗೆತ್ತಿಕೊಳ್ಳುವ ಪ್ರಸಂಗ ಬರುತ್ತದೆ. ಹಿರಿಯರು ಕನ್ನಡದಲ್ಲಿ ಕೇಳಲಿ, ಮರಾಠಿಯಲ್ಲಿ ಕೇಳಲಿ, ಪ್ರಶ್ನೆ ಒಂದೇ: ರೋಗಿಗಳ ಹಿತಕ್ಕಾಗಿ ಮಾಡುವ ಈ ಕಾರ್ಯ ಸೇವೆಯೋ, ಹಿಂಸೆಯೋ?

ಸೇವೆ ಎನ್ನುವವರ ಪಕ್ಷ ಹಗುರವಾದುದಲ್ಲ. 1940ರ ಮೇ 25ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಫ್ಲೋರಿ ಮತ್ತು ಅವರ ಸಹೋದ್ಯೋಗಿಗಳು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿದರು. ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು, ನಾಲ್ಕಕ್ಕೆ ಏನನ್ನೂ ಕೊಡಲಿಲ್ಲ. ನಾರ್ಮನ್ ಹೀಟ್ಲಿ ಎಂಬ ಸಂಶೋಧಕರು ರಾತ್ರಿಯೆಲ್ಲ ಕಾದು ಕುಳಿತರು. ಬೆಳಗಾಗುವ ಹೊತ್ತಿಗೆ ಔಷಧವಿಲ್ಲದ ನಾಲ್ಕೂ ಸತ್ತಿದ್ದವು. ಔಷಧ ಪಡೆದ ನಾಲ್ಕೂ ಉಸಿರಾಡುತ್ತಿದ್ದವು. ಆ ಔಷಧದಿಂದ ಮುಂದೆ ಬದುಕಿ ಉಳಿದ ಬಾಣಂತಿಯರು, ಮಕ್ಕಳು, ಗಾಯಾಳುಗಳು ಲೆಕ್ಕಕ್ಕೆ ಮೀರಿದವರು. ಆದರೂ ಆ ನಾಲ್ಕು ಇಲಿಗಳು ಸಾಯದೇ ಹೋಗಿದ್ದರೆ ಉಳಿದ ನಾಲ್ಕು ಬದುಕಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅಲ್ಲಿ ಸಾವು ಆಕಸ್ಮಿಕವಲ್ಲ, ಪ್ರಯೋಗದ ಅಂಗ.

ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಕೊನೆಯ ಮೂರನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ, ಮೊದಲನೆಯದನ್ನು ಬಿಡಲೇಬೇಕು. ಸಂಶೋಧನೆಯೂ ಒಂದು ವೃತ್ತಿಯಾದುದರಿಂದ ಅದು ಉದ್ಯೋಗೀ ಹಿಂಸೆಯೆಂದು ಸಮಾಧಾನ ಹೇಳುವವರುಂಟು. ಈ ಸಮಾಧಾನ ನಿಲ್ಲುವುದು ಕಷ್ಟ. ಹೊಲ ಉಳುವವನ ನೇಗಿಲಿಗೆ ಹುಳು ಸಿಕ್ಕಿ ಸಾಯುತ್ತದೆ. ಆದರೆ ಹುಳು ಸಾಯದಿದ್ದರೂ ಬೆಳೆ ಬರುತ್ತದೆ, ಒಕ್ಕಲಿಗನಿಗೆ ಅದರ ಸಾವು ಬೇಕಿಲ್ಲ. ಪ್ರಯೋಗಕ್ಕೆ ಇಲಿಯ ನೋವು ಬೇಕು, ಅನೇಕ ಸಲ ಸಾವೂ ಬೇಕು. ತಿಳಿದು, ಎಣಿಸಿ, ದಿನ ಗೊತ್ತುಮಾಡಿ ನಡೆಯುವ ಕಾರ್ಯವದು.

ಇಲಿ ಚಿಕ್ಕದೆಂಬುದೂ ಸಮಾಧಾನವಾಗಲಾರದು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಬಹುದಾದಲ್ಲಿ ಪ್ರಾಣಿಯನ್ನು ಬಳಸಬಾರದೆಂದು ಹೇಳುತ್ತದೆ, ಇದು ಸ್ತುತ್ಯ. ಆದರೆ ಅದೇ ಕಾಯ್ದೆ, ಸಾಧ್ಯವಾದಲ್ಲಿ ದೊಡ್ಡ ಪ್ರಾಣಿಗಳನ್ನು ಬಿಟ್ಟು ಮೊಲ, ಕಪ್ಪೆ, ಇಲಿಯಂಥ ಸಣ್ಣವುಗಳ ಮೇಲೆ ಪ್ರಯೋಗ ನಡೆಸಬೇಕೆಂದೂ ಸೂಚಿಸುತ್ತದೆ. ಅಮೆರಿಕವಂತೂ 2002ರಲ್ಲಿ ತನ್ನ ಪ್ರಾಣಿಕಲ್ಯಾಣ ಕಾಯ್ದೆಯನ್ನು ತಿದ್ದಿ, ಸಂಶೋಧನೆಗೆಂದೇ ಸಾಕಿದ ಇಲಿಗಳನ್ನು ‘ಪ್ರಾಣಿ’ ಎಂಬ ಶಬ್ದದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು! ಜಿನಾಗಮದ ದೃಷ್ಟಿಯಲ್ಲಿ ಇಲಿ ಪಂಚೇಂದ್ರಿಯ ಜೀವಿ. ದೀಪದ ಬೆಳಕು ಗುಡಿಸಲಿನಲ್ಲಿಟ್ಟರೆ ಗುಡಿಸಲಿನಷ್ಟು, ಅರಮನೆಯಲ್ಲಿಟ್ಟರೆ ಅರಮನೆಯಷ್ಟು ಹರಡುವಂತೆ ಆತ್ಮವು ದೇಹಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಆನೆಯ ಆತ್ಮ ದೊಡ್ಡದು, ಇಲಿಯದು ಚಿಕ್ಕದು ಎಂಬ ತಕ್ಕಡಿ ಇಲ್ಲಿಲ್ಲ.

ತತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ವಧವೆಂದರೆ ಇಲ್ಲಿ ಹೊಡೆತ. ಎತ್ತು ಕುದುರೆಗಳನ್ನು ಸಾಕುವ ಗೃಹಸ್ಥನಿಗೆ ಹೇಳಿದ ಮಾತುಗಳಿವು. ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಓದಿದರೆ ಪಂಜರ ಬಂಧವಾಗುತ್ತದೆ, ಗುರುತಿಗಾಗಿ ಕಿವಿಯಂಚನ್ನು ಕತ್ತರಿಸುವುದು ಛೇದವಾಗುತ್ತದೆ, ಪರೀಕ್ಷೆಗೆ ಮುನ್ನ ಉಪವಾಸ ಕೆಡಹುವುದು ಅನ್ನಪಾನನಿರೋಧವಾಗುತ್ತದೆ. ಇಲಿ ಸಾಯುವ ಮೊದಲೇ ವ್ರತದಲ್ಲಿ ಬಿರುಕು ಬಿಟ್ಟಿರುತ್ತದೆ.

ಇದನ್ನೆಲ್ಲ ಒಪ್ಪಿಕೊಂಡ ಮೇಲೂ ವಿದ್ಯಾರ್ಥಿಯ ಮುಂದೆ ಪಂಜರ ಇದ್ದೇ ಇರುತ್ತದೆ. ಅಲ್ಲಿ ಪ್ರಮಾದ ಎಂಬ ಶಬ್ದವನ್ನು ನೆನೆಯಬೇಕು. ಪ್ರಮಾದದಿಂದ ಪ್ರಾಣಕ್ಕೆ ಘಾತವಾಗುವುದೇ ಹಿಂಸೆಯೆಂದು ಶಾಸ್ತ್ರ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಮೂರು ನಿಯಮಗಳನ್ನು ಮುಂದಿಟ್ಟರು: ಪ್ರಾಣಿಗೆ ಬದಲಿಯನ್ನು ಹುಡುಕು, ಸಂಖ್ಯೆಯನ್ನು ಇಳಿಸು, ನೋವನ್ನು ತಗ್ಗಿಸು. ಇವುಗಳಲ್ಲಿ ಸಂಖ್ಯೆಯ ವಿಚಾರ ತೋರುವಷ್ಟು ಸರಳವಲ್ಲ. ಹತ್ತು ಇಲಿ ಬೇಕಾದಲ್ಲಿ ನಲವತ್ತನ್ನು ಬಳಸಿದರೆ ಮೂವತ್ತು ವ್ಯರ್ಥ. ಹತ್ತು ಬೇಕಾದಲ್ಲಿ ನಾಲ್ಕನ್ನೇ ಬಳಸಿದರೆ ಉತ್ತರವೇ ದೊರೆಯದು, ಆ ನಾಲ್ಕೂ ವ್ಯರ್ಥ. ಫಲಿತಾಂಶವನ್ನು ಪ್ರಕಟಿಸದೆ ಕಪಾಟಿನಲ್ಲಿಟ್ಟರೆ ಇನ್ನೊಂದು ವಿಶ್ವವಿದ್ಯಾಲಯ ಅದೇ ಪ್ರಯೋಗಕ್ಕೆ ಮತ್ತೆ ಇಲಿಗಳನ್ನು ತರುತ್ತದೆ. ಗಣಿತದಲ್ಲಿ ಸೋಮಾರಿತನವೂ ಇಲ್ಲಿ ಪ್ರಾಣಘಾತ.

ನೋವನ್ನು ತಗ್ಗಿಸುವ ವಿದ್ಯೆ ಈಚೆಗೆ ಬೆಳೆದಿದೆ. ಬಾಲ ಹಿಡಿದು ಎತ್ತಿದ ಇಲಿ ಮನುಷ್ಯನ ಕೈಗೆ ಅಂಜುತ್ತದೆ, ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದ ಇಲಿ ಅಷ್ಟು ಅಂಜುವುದಿಲ್ಲ ಎಂದು ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದರು. ಅದೇ ವರ್ಷ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಕಿರಿದಾದ ಕಣ್ಣು, ಉಬ್ಬಿದ ಕೆನ್ನೆ, ಬದಲಾದ ಕಿವಿ ಮೀಸೆಗಳಿಂದ ಇಲಿಯ ನೋವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಆ ಅಳತೆಗೋಲನ್ನು ಮಾಡಲು ಕೂಡ ಇಲಿಗಳಿಗೆ ನೋವು ಕೊಡಬೇಕಾಯಿತು.

ಉದ್ದೇಶ ಒಳ್ಳೆಯದಾದರೆ ದೋಷವಿಲ್ಲವೆಂಬ ವಾದಕ್ಕೆ ಕನ್ನಡದ ಜೈನರಲ್ಲಿ ಹಳೆಯ ಉತ್ತರವೊಂದಿದೆ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಜೀವವಿಲ್ಲದಿದ್ದರೂ ಕೊಲ್ಲುವ ಸಂಕಲ್ಪ ಭವಭವಗಳ ದುಃಖವನ್ನು ತಂದಿತು. ಹಾಗಾದರೆ ಸಂಕಲ್ಪ ಶುದ್ಧವಾಗಿದ್ದರೆ ನಿಜವಾದ ಇಲಿಯ ಸಾವೂ ಹಿಂಸೆಯಲ್ಲವೆಂದು ಕಥೆಯನ್ನು ತಿರುವಿ ಓದಬಹುದೇ? ತಾಯಿ ಚಂದ್ರಮತಿ ಬಲಿಯನ್ನು ಬಯಸಿದ್ದು ಯಾವ ದುರ್ಬುದ್ಧಿಯಿಂದಲೂ ಅಲ್ಲ, ಮಗನ ದುಃಸ್ವಪ್ನದ ಶಾಂತಿಗಾಗಿ, ಅವನ ಹಿತಕ್ಕಾಗಿ. ಹಿಟ್ಟಿನ ಕೋಳಿಯ ದೋಷವನ್ನು ಆ ಹಿತ ತೊಳೆಯಲಿಲ್ಲ.

ಆದುದರಿಂದ ವಿದ್ಯಾರ್ಥಿಯೊಬ್ಬನನ್ನೇ ಕಟಕಟೆಗೆ ಹತ್ತಿಸುವುದು ಸಲ್ಲದು. ಕೃತ, ಕಾರಿತ, ಅನುಮೋದನ ಮೂರರಲ್ಲಿಯೂ ದೋಷವುಂಟೆಂದ ಮೇಲೆ, ಮನೆಯ ಕಪಾಟಿನಲ್ಲಿರುವ ಮಾತ್ರೆಯ ಚೀಟಿಯ ಹಿಂದೆಯೂ ಇಲಿಗಳಿವೆ. ಸಕ್ಕರೆಕಾಯಿಲೆಯ ಅಜ್ಜನಿಗೆ ಔಷಧ ಬಿಡೆಂದು ಯಾವ ಮುನಿಯೂ ಹೇಳುವುದಿಲ್ಲ; ಆದರೆ ಅದನ್ನು ನುಂಗುವ ಕೈ ಮೊಮ್ಮಗನ ಕೈಗಿಂತ ಶುದ್ಧವೆಂದೂ ಹೇಳುವಂತಿಲ್ಲ.

ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ವಿಜ್ಞಾನಿಯಲ್ಲದ, ಸಮಾಜದ ಅರಿವುಳ್ಳ ಸದಸ್ಯರೊಬ್ಬರು ಅಲ್ಲಿರಬೇಕೆಂಬ ನಿಯಮವೂ ಇದೆ. ಈ ಉತ್ತರ ಬೇರೆಲ್ಲಿಯೂ ಆಗಲೇ ದೊರೆತಿಲ್ಲವೇ, ಜೀವಕೋಶಗಳ ಮೇಲೆಯೇ ಪರೀಕ್ಷಿಸಲು ಬಾರದೇ, ನಲವತ್ತೇ ಏಕೆ, ನೋವು ಶಮನದ ಮದ್ದು ಯಾವಾಗ ಕೊಡುತ್ತೀರಿ ಎಂದು ಕೇಳಲು ಆ ಸದಸ್ಯರಿಗೆ ಅವಕಾಶವಿದೆ. ಊರಿನ ಶ್ರಾವಕರಲ್ಲಿ ಯಾರಿಗಾದರೂ ಆ ಸ್ಥಾನಕ್ಕೆ ಕರೆ ಬಂದರೆ, ಇಲಿಯ ಸಹವಾಸವೇ ಬೇಡವೆಂದು ದೂರ ಸರಿಯುವುದೇ ವಾಡಿಕೆ. ಹಾಗೆ ಸರಿದರೆ ಆ ಪ್ರಶ್ನೆಗಳು ಕೇಳದೆಯೇ ಉಳಿಯುತ್ತವೆ, ಪಂಜರಗಳು ಮಾತ್ರ ಇದ್ದಲ್ಲಿಯೇ ಇರುತ್ತವೆ.