ಸತ್ತಿದೆ ಎನ್ನುವ ಮುನ್ನ

ಒಂದು ವಸ್ತು ಕೆಟ್ಟಿದೆ ಎಂದು ತೀರ್ಮಾನಿಸುವ ಅಧಿಕಾರ ನಮಗೆ ಯಾವಾಗ ಬರುತ್ತದೆ? ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ. ಸಮಿತಿ ಕೂರುತ್ತದೆ, 'ಅನ್‌ಸರ್ವಿಸಬಲ್' ಎಂದು ಬರೆಯುತ್ತದೆ, ಹರಾಜಿನವನು ತೂಕ ಹಾಕಿ ಒಯ್ಯುತ್ತಾನೆ. ಆ ವಸ್ತುವಿಗೆ ನ್ಯಾಯ ಸಿಕ್ಕಿತೇ ಎಂದು ಸ್ಟಾಕ್ ರಿಜಿಸ್ಟರು ಕೇಳುವುದಿಲ್ಲ.

ಈ ಜಿಜ್ಞಾಸೆಯನ್ನು ನಮ್ಮ ತಲೆಗೆ ಹಚ್ಚಿದ್ದು ಹಳೆಯ ಕ್ಯಾಲ್ಕ್ಯುಲೇಟರ್ ಚಿಪ್‌ಗಳು. 1970ರ ದಶಕದ ಕ್ಯಾಲ್ಕ್ಯುಲೇಟರುಗಳಿಗೆ ಮತ್ತೆ ಜೀವ ತುಂಬುವ ಹವ್ಯಾಸಿಗಳು ಇಂದು ಹಲವು ದೇಶಗಳಲ್ಲಿ ಇದ್ದಾರೆ. ಅವರಿಗೆ ಎದುರಾಗುವ ಮೊದಲ ತೊಡಕು, ಚಿಪ್ ಬದುಕಿದೆಯೋ ಇಲ್ಲವೋ ಎಂಬುದು. ಈಗ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪರೀಕ್ಷಾ ಯಂತ್ರ 5 ವೋಲ್ಟ್ ಕೊಟ್ಟು ಪ್ರಶ್ನೆ ಕೇಳುತ್ತದೆ. ಹಳೆಯ ಚಿಪ್ ಬಾಯಿ ಬಿಡುವುದಿಲ್ಲ. ಯಂತ್ರ 'ಕೆಟ್ಟಿದೆ' ಎನ್ನುತ್ತದೆ.

1971ರಲ್ಲಿ ಹೊರಬಂದ ಇಂಟೆಲ್ 4004 ಚಿಪ್ಪನ್ನೇ ನೋಡಿ. ಜಪಾನಿನ ಬಿಸಿಕಾಂ ಕಂಪನಿಯ ಕ್ಯಾಲ್ಕ್ಯುಲೇಟರಿಗಾಗಿ ರೂಪಿಸಿದ್ದು. ಸುಮಾರು 2300 ಟ್ರಾನ್ಸಿಸ್ಟರು, 16 ಕಾಲುಗಳು. ಅದಕ್ಕೆ ಬೇಕಾದದ್ದು 15 ವೋಲ್ಟ್, ಅದೂ ಇಂದಿನ ರೂಢಿಗೆ ತಿರುಗುಮುರುಗಾಗಿ, ಧನ ತುದಿಯನ್ನು ಆಧಾರವಾಗಿಟ್ಟು ಋಣದ ಕಡೆಗೆ ಎಣಿಸಬೇಕು. ಎರಡು ಕ್ಲಾಕುಗಳು ಒಂದರ ಮೇಲೊಂದು ಬೀಳದಂತೆ ಸರದಿಯಲ್ಲಿ ಮಿಡಿಯಬೇಕು, ಸೆಕೆಂಡಿಗೆ 5 ಲಕ್ಷದಿಂದ 7 ಲಕ್ಷದ 40 ಸಾವಿರ ಸಲ. ವೇಗ ಹೆಚ್ಚಾದರೆ ಅದು ತಡವರಿಸುವುದು ಸಹಜ. ಆದರೆ ತೀರ ನಿಧಾನವಾಗಿ ಕೇಳಿದರೂ ಅದಕ್ಕೆ ಉತ್ತರಿಸಲಾಗದು! ಒಳಗಿನ ನೆನಪೆಲ್ಲ ಸಣ್ಣ ಸಣ್ಣ ವಿದ್ಯುದಂಶಗಳಾಗಿ ನಿಂತಿರುತ್ತದೆ. ಮತ್ತೆ ಮತ್ತೆ ತುಂಬದಿದ್ದರೆ ಸೋರಿಹೋಗುತ್ತದೆ. ನಿಧಾನವೇ ಕರುಣೆ ಎಂದು ನಂಬಿದ ನಮಗೆ ಇದು ಹೊಸ ಪಾಠ.

ಆದ್ದರಿಂದ ಆ ಹವ್ಯಾಸಿಗಳು ಅಡಾಪ್ಟರ್ ಕಟ್ಟುತ್ತಾರೆ. ಅಂಗೈಯಗಲದ ಹಲಗೆಯ ಮೇಲೆ ಒಂದು ಸಾಕೆಟ್, ವೋಲ್ಟೇಜು ಬದಲಿಸುವ ಬಿಡಿಭಾಗಗಳು, ಕ್ಲಾಕ್, ಕೀಲಿಮಣೆಯ ಬದಲಿಗೆ ಕೆಲವು ಸ್ವಿಚ್ಚುಗಳು. ಆ ಕಾಲದ ಅನೇಕ ಚಿಪ್‌ಗಳು ಅಂಕಿಗಳನ್ನು ಒಂದೊಂದಾಗಿ ಬೆಳಗಿಸುವ ತಂತಿಗಳಿಂದಲೇ ಕೀಲಿಗಳನ್ನೂ ವಿಚಾರಿಸುತ್ತವೆ. ಸರಿಯಾದ ಗಳಿಗೆಯಲ್ಲಿ ಒತ್ತಿದ್ದು ಮುಟ್ಟದಿದ್ದರೆ ಅದು 5 ಎಂದೋ 8 ಎಂದೋ ತಿಳಿಯುವುದೇ ಇಲ್ಲ. ತಪ್ಪು ಕಾಲಿಗೆ ತಪ್ಪು ವೋಲ್ಟೇಜು ಬಿದ್ದರಂತೂ ಬದುಕಿದ್ದ ಚಿಪ್ ಪರೀಕ್ಷೆಯಲ್ಲೇ ಸಾಯಬಹುದು.

ಉತ್ತರ ಬಂದಿತು ಎನ್ನೋಣ. ಅದು ಸರಿಯೋ ತಪ್ಪೋ? 1974ರ ಇಂಗ್ಲೆಂಡಿನ ಸಿಂಕ್ಲೇರ್ ಸೈಂಟಿಫಿಕ್‌ನಲ್ಲಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್ ಮೂಲತಃ ಕೂಡಿ ಕಳೆದು ಗುಣಿಸಿ ಭಾಗಿಸುವುದಕ್ಕಷ್ಟೇ ಹುಟ್ಟಿದ್ದು. ಕೇವಲ 320 ಆದೇಶಗಳ ಜಾಗದಲ್ಲಿ ಸೈನ್, ಲಾಗರಿದಮ್ಮುಗಳನ್ನೆಲ್ಲ ಹಿಡಿಸಿದ್ದರು. ಪೈ ಮುಂತಾದ ಸ್ಥಿರಾಂಕಗಳಿಗೆ ಒಳಗೆ ಜಾಗವಿಲ್ಲದೆ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದ್ದರು. ಕೆಲವು ಉತ್ತರಗಳು ಮೂರು ನಾಲ್ಕು ಅಂಕಿಗಳಾಚೆ ಜಾರುತ್ತವೆ. ಇಂದಿನ ಕೋಷ್ಟಕ ಹಿಡಿದು ನೋಡುವವನು ಆರೋಗ್ಯವಂತ ಚಿಪ್ಪನ್ನೇ ಕಸಕ್ಕೆ ಹಾಕಿಯಾನು. ಆ ಜಾರುವಿಕೆಯೇ ಅದರ ಆರೋಗ್ಯದ ಗುರುತು. ಒಂದು ವೇಳೆ ಹತ್ತು ಅಂಕಿಗಳವರೆಗೂ ಸರಿಯಾಗಿ ಹೇಳಿದರೆ ಒಳಗೆ ಬೇರೆ ಯಾರೋ ಕುಳಿತಿದ್ದಾರೆಂದೇ ಅರ್ಥ.

ಹೀಗೆ ಎಲ್ಲರಿಗೂ ಅವರವರಿಗೆ ಬೇಕಾದಂತೆ ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯೇ ಎಂದು ಓದುಗರು ಕೇಳಬಹುದು. ಆಕ್ಷೇಪ ಹಗುರವಾದದ್ದಲ್ಲ. ಅಡಾಪ್ಟರಿನಲ್ಲಿ ಒಂದು ರೆಸಿಸ್ಟರು ತಪ್ಪು ಜಾಗದಲ್ಲಿ ಕೂತರೆ ಸತ್ತ ಕಾಲಿನಲ್ಲೂ ಸಂಕೇತ ಇದ್ದಂತೆ ತೋರುತ್ತದೆ. ಅದು ಮೋಸ. ಪ್ರಶ್ನೆಯ ಭಾಷೆಯನ್ನು ಬದಲಿಸುವುದು ಅಡಾಪ್ಟರಿನ ಕೆಲಸ. ಉತ್ತರ ಪತ್ರಿಕೆ ಬರೆಯುವುದು ಅದರ ಕೆಲಸವಲ್ಲ. ಈ ಗೆರೆಯನ್ನು ಕಾಯುವುದೇ ಕಷ್ಟ.

ಇನ್ನೊಂದು ತೊಡಕು. ಬಿ.ಎಸ್ಸಿ. ಪ್ರಯೋಗಶಾಲೆಯಲ್ಲಿ ಅಳೆಯುವ ಮೊದಲು ವರ್ನಿಯರ್ ಕ್ಯಾಲಿಪರ್ಸಿನ ಶೂನ್ಯ ದೋಷ ನೋಡಿಕೊಳ್ಳಿ ಎಂದು ಕಲಿಸುತ್ತಿದ್ದರು. ಅಡಾಪ್ಟರನ್ನೂ ಮೊದಲು ಖಂಡಿತವಾಗಿ ಸರಿಯಿರುವ ಚಿಪ್ ಹಾಕಿ ನೋಡಬೇಕು. ಕೈಯಲ್ಲಿರುವುದು ಒಂದೇ ಒಂದು ಅಪರೂಪದ ಚಿಪ್ ಆದರೆ? ಆಗ ದೋಷ ಕೇಳುವವನದೋ ಹೇಳುವವನದೋ ತಿಳಿಯುವುದಿಲ್ಲ. ಅಂಥ ಚಿಪ್ಪಿನ ಡಬ್ಬಿಯ ಮೇಲೆ 'ಕೆಟ್ಟಿದೆ' ಎಂದು ಬರೆಯದೆ 'ಉತ್ತರ ಬಂದಿಲ್ಲ' ಎಂದಷ್ಟೇ ಬರೆಯುವುದು ನಮ್ಮ ದೃಷ್ಟಿಯಲ್ಲಿ ಸತ್ಯಕ್ಕೆ ಹತ್ತಿರ.

ಚಿಪ್ಪಿಗೆ ಇಷ್ಟು ಮಾತೇಕೆ ಎಂದರೆ, ಬದುಕಿದ್ದಾರೆಯೇ ಎಂಬ ಪರೀಕ್ಷೆ ಮನುಷ್ಯರಿಗೂ ಪ್ರತಿ ನವೆಂಬರಿನಲ್ಲಿ ನಡೆಯುತ್ತದೆ. ಪಿಂಚಣಿದಾರರ ಜೀವಂತ ಪ್ರಮಾಣಪತ್ರ 2014ರಿಂದ ಡಿಜಿಟಲ್ ಆಯಿತು. ಬೆರಳಚ್ಚು ಒತ್ತಿದರೆ ಸಾಕು. ಆದರೆ ಜೀವಮಾನವೆಲ್ಲ ಒಲೆ, ಒನಕೆ, ನೇಗಿಲು ಹಿಡಿದ ಬೆರಳುಗಳಲ್ಲಿ ಗೆರೆಗಳು ಸವೆದಿರುತ್ತವೆ. ಎದುರಿಗೆ ಕುಳಿತು ಉಸಿರಾಡುತ್ತಿರುವ ಅಜ್ಜಿಯನ್ನು ಯಂತ್ರ ಒಪ್ಪುವುದಿಲ್ಲ. ಅಜ್ಜಿ ಸೀರೆಯ ಸೆರಗಿಗೆ ಬೆರಳು ಒರೆಸಿ ಮತ್ತೆ ಒತ್ತುತ್ತಾರೆ, ತಾವೇ ಏನೋ ತಪ್ಪು ಮಾಡಿದವರಂತೆ. ಕೌಂಟರಿನಲ್ಲಿ ಕುಳಿತವನು ತಲೆ ಎತ್ತದಿದ್ದರೆ ಆ ಪರೀಕ್ಷೆ 5 ವೋಲ್ಟಿನ ಪರೀಕ್ಷೆಯೇ.

2021ರ ನವೆಂಬರಿನಿಂದ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ಸೌಲಭ್ಯವೂ ಬಂದಿದೆ. ಮೊಬೈಲ್ ಫೋನಿನಲ್ಲಿ ಮನೆಯಿಂದಲೇ ಆಗುತ್ತದೆ. ಅದೂ ಆಗದಿದ್ದರೆ ಬ್ಯಾಂಕಿಗೆ ಹೋಗಿ ಕಾಗದದ ನಮೂನೆಗೆ ಸಹಿ ಹಾಕಬಹುದು. ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವ 80 ವರ್ಷ ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಊರಿನಿಂದ ಬಂದು ನಮ್ಮ ನಿಮ್ಮ ಮನೆಗಳಲ್ಲಿರುವ ಹಿರಿಯರಿಗೆ ಈ ಭಾಷೆಯ ಫೋನು ಓದಲು ಬರುವುದಿಲ್ಲ. ಪಕ್ಕದಲ್ಲಿ ಕುಳಿತು ಮಾಡಿಸಲು ಒಬ್ಬರು ಬೇಕಾಗುತ್ತಾರೆ.